ಟಿ.ಸಿ. ಇದ್ದದ್ದು ಸಾಗರದಲ್ಲಿ

ಬೆಳಿಗ್ಗೆ ಎಂಟೂಕಾಲಕ್ಕೆ ವಿನಯಾ ಕಬ್ಬಿಣದ ಪೆಟ್ಟಿಗೆ ತೆರೆದಾಗ ಪಿಯುಸಿ ಅಂಕಪಟ್ಟಿ ಇತ್ತು, ಎಲ್ಲರೂ ಟಿ.ಸಿ. ಎನ್ನುವ ವರ್ಗಾವಣೆ ಪತ್ರ ಇರಲಿಲ್ಲ. ತೀರ್ಥಹಳ್ಳಿಯ ಕಾಲೇಜಿನಲ್ಲಿ ಬಿ.ಕಾಂ. ಪ್ರವೇಶಕ್ಕೆ ಅದು ಕೊನೆಯ ದಿನ. ಸಂಜೆ ನಾಲ್ಕರೊಳಗೆ ಮೂಲ ಟಿ.ಸಿ. ಕೊಡಬೇಕಿತ್ತು.

ಗಂಡ ಪೂರ್ಣೇಶ್ ಲಗೇಜ್ ಆಟೋ ಓಡಿಸುತ್ತಾನೆ. ಫೋನ್ ಎತ್ತಿದಾಗ ಅವನು ರಿಪ್ಪನ್‌ಪೇಟೆಯಲ್ಲಿದ್ದ.

"ಪೆಟ್ಟಿಗೇಲಿದ್ದ ಟಿ.ಸಿ. ನೀವು ಎಂತಾದ್ರೂ ತೆಗ್ದ್ರಾ?"

"ಓ, ಅದಾ? ಶನಿವಾರ ಸಾಗರಕ್ಕೆ ಬಾಡಿಗೆ ಇತ್ತಲ್ಲ, ದೂರಶಿಕ್ಷಣದ ಆಫೀಸಲ್ಲಿ ಕೊಟ್ಟು ಬಂದೆ. ಫಾರಂಗೆ ಸೈನ್ ನೀನು ಆಮೇಲೆ ಹಾಕಿದ್ರೆ ಸಾಕಂತೆ. ಮನೇಲೇ ಕೂತು ಓದ್ಬಹುದಲ್ಲ ಮಾರಾಯ್ತಿ, ದಿನಾ ಬಸ್ ಕಾಯೋದು ತಪ್ತು."

"ನನ್ನ ಹತ್ರ ಒಂದು ಮಾತು ಕೇಳಿದ್ರಾ?"

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ."

ವಿನಯಾಗೆ ಮೂವತ್ನಾಲ್ಕು ವರ್ಷ. ಹುಂಚದ ಹತ್ತಿರದ ತನ್ನ ಊರಿನ ಹಾಲಿನ ಸಂಘದಲ್ಲಿ ಆರು ವರ್ಷದಿಂದ ಟೆಸ್ಟರ್. ಬೆಳಿಗ್ಗೆ ಆರಕ್ಕೆ ಒಂದು ಪಾಳಿ, ಸಂಜೆ ಐದಕ್ಕೆ ಇನ್ನೊಂದು. ಊರಿನ ನಲವತ್ತು ಮನೆಯವರು ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ; ಅವಳು ಪ್ರತಿಯೊಬ್ಬರ ಹಾಲನ್ನೂ ಅವರ ಕಣ್ಣೆದುರೇ ಯಂತ್ರಕ್ಕಿಟ್ಟು ಕೊಬ್ಬಿನ ಅಂಶ ಓದಿ ಹೇಳುತ್ತಾಳೆ. ಮಗಳು ಶ್ರಾವ್ಯಾ ನಾಲ್ಕನೇ ತರಗತಿ.

ದೂರಶಿಕ್ಷಣ ಅವಳಿಗೆ ಹೊಸದಲ್ಲ. ಎಂಟು ವರ್ಷದ ಹಿಂದೆ ಒಮ್ಮೆ ಸೇರಿದ್ದಳು. ಪುಸ್ತಕಗಳು ಪಾರ್ಸಲ್‌ನಲ್ಲಿ ಬಂದವು. ಓದಲು ಕೂತಾಗಲೆಲ್ಲ ಅತ್ತೆ ಶೇಷಮ್ಮ, "ಸುಮ್ನೆ ಕೂತಿದೀಯಲ್ಲ, ಕರೂಗೆ ಹುಲ್ಲು ಹಾಕಿ ಬಾ" ಎನ್ನುತ್ತಿದ್ದರು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಮನೆಯಲ್ಲಿರುವವಳು ಕೈಗೆ ಸಿಗುವವಳು, ಅಷ್ಟೆ. ಮೊದಲ ಪರೀಕ್ಷೆಯ ಹೊತ್ತಿಗೆ ಐದು ಪುಸ್ತಕಗಳಲ್ಲಿ ಎರಡರ ಪ್ಲಾಸ್ಟಿಕ್ ಹೊದಿಕೆಯೇ ಬಿಚ್ಚಿರಲಿಲ್ಲ. ಅವಳು ಪರೀಕ್ಷೆಗೆ ಹೋಗಲಿಲ್ಲ; ಟಿ.ಸಿ. ವಾಪಸ್ ತಂದು ಪೆಟ್ಟಿಗೆಯಲ್ಲಿಟ್ಟಳು.

ಈ ಸಲ ಕಾಲೇಜಿಗೇ ಹೋಗಿ ಕೂರುತ್ತೇನೆ ಎಂದು ಹೊರಟಿದ್ದು ಅದಕ್ಕೇ. ತೊಡಕು ಅವಳಿಗೂ ಗೊತ್ತಿತ್ತು. ತೀರ್ಥಹಳ್ಳಿಯಿಂದ ಬರುವ ಬಸ್ಸು ಊರು ಮುಟ್ಟುವಾಗ ಐದೂಮುಕ್ಕಾಲು. ಸಂಜೆಯ ಹಾಲನ್ನು ಆರು ಗಂಟೆಗೆ ಶುರು ಮಾಡಿ ಎಂದು ಸಂಘಕ್ಕೆ ಅರ್ಜಿ ಕೊಟ್ಟಿದ್ದಳು. ಕಾರ್ಯದರ್ಶಿ ವಾಸಪ್ಪ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, "ದನಕ್ಕೆ ನಿನ್ನ ಟೈಂಟೇಬಲ್ ಗೊತ್ತುಂಟಾ?" ಎಂದು ನಕ್ಕಿದ್ದರು. ಶಾಲೆ ಬಿಟ್ಟ ಮೇಲೆ ಮಗಳು ಒಂದೂವರೆ ತಾಸು ಅಜ್ಜಿಯ ಜೊತೆ ಇರಬೇಕಿತ್ತು. ಪೂರ್ಣೇಶ್ ಮಾಡಿದ್ದರಲ್ಲಿ ನ್ಯಾಯವೇ ಇಲ್ಲ ಎಂದು ಹೇಳುವಂತಿರಲಿಲ್ಲ.

ಅವಳು ಎಂಟೂಮುಕ್ಕಾಲರ ಬಸ್ಸು ಹತ್ತಿದಳು. ಹೊಸನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಸಾಗರ ಮುಟ್ಟಿದಾಗ ಹನ್ನೊಂದೂಕಾಲು.

ದೂರಶಿಕ್ಷಣದ ಕಚೇರಿಯಲ್ಲಿದ್ದ ಹೆಂಗಸು ಕಡತ ತೆಗೆದಳು. ವಿನಯಾಳ ಟಿ.ಸಿ. ಮೇಲೆ ಪೂರ್ಣೇಶನ ಮೊಬೈಲ್ ನಂಬರ್ ಬರೆದ ಚೀಟಿ ಪಿನ್ ಮಾಡಿತ್ತು.

"ಮಧ್ಯಾಹ್ನದ ಟಪಾಲಿಗೆ ಹೋಗೋದಿತ್ತು. ಹೋದ್ರೆ ವಾಪಸ್ ಬರಕ್ಕೆ ತಿಂಗಳಾಗ್ತದೆ. ಮಕ್ಕಳಿದ್ದಾರಾ ನಿಮಗೆ?"

"ಒಬ್ಳು."

"ಮತ್ತೆ ಇದೇ ಅನುಕೂಲ ಅಲ್ವಾ? ಕಾಲೇಜಲ್ಲಿ ಹಾಜರಿ ಕಮ್ಮಿಯಾದ್ರೆ ಪರೀಕ್ಷೆಗೇ ಕೂರಿಸಲ್ಲ."

ವಿನಯಾ ಹಿಂದೆ ಪಡೆಯುವ ಅರ್ಜಿಯನ್ನು ನಿಂತೇ ಬರೆದಳು. ಹಾಜರಿಯ ಲೆಕ್ಕ ಅವಳೂ ಹಾಕಿದ್ದಳು. ಮಗಳಿಗೆ ವರ್ಷಕ್ಕೆ ಎಷ್ಟು ಸಲ ಜ್ವರ ಬರುತ್ತದೆ ಎಂಬುದನ್ನು ಮಾತ್ರ ಯಾವ ಲೆಕ್ಕಕ್ಕೂ ಹಿಡಿಯಲು ಆಗಿರಲಿಲ್ಲ.

ಹೊಸನಗರಕ್ಕೆ ಮರಳಿದಾಗ ಒಂದೂಮುಕ್ಕಾಲು. ತೀರ್ಥಹಳ್ಳಿ ಬಸ್ಸಿಗೆ ಹತ್ತು ನಿಮಿಷವಿತ್ತು. ಆಗ ವಾಸಪ್ಪನವರ ಫೋನು ಬಂತು.

"ಟೆಸ್ಟಿಂಗ್ ರೂಮಿನ ಕೀ ಎಲ್ಲಿ? ಹಿಂಡಿ ಲೋಡು ಬಂದು ನಿಂತಿದೆ, ಮೂಟೆ ಒಳಗಿಡ್ಬೇಕು."

ವಿನಯಾ ಚೀಲಕ್ಕೆ ಕೈ ಹಾಕಿದಳು. ಕೀ ಅಲ್ಲೇ ಇತ್ತು, ಒಂದಲ್ಲ, ಎರಡೂ. ಎರಡು ಸಲ ಕೀ ಕಳೆದುಕೊಂಡಿದ್ದ ವಾಸಪ್ಪ ತಮ್ಮ ಪಾಲಿನದನ್ನೂ ಅವಳಿಗೇ ಕೊಟ್ಟಿದ್ದರು. ಅವಳು ಎರಡನ್ನೂ ಒಂದೇ ದಾರಕ್ಕೆ ಕಟ್ಟಿದ್ದಳು. ಬೆಳಿಗ್ಗೆ ಗಡಿಬಿಡಿಯಲ್ಲಿ ಮನೆಯ ಗೂಟಕ್ಕೆ ಹಾಕಿ ಬರಲು ಮರೆತಿದ್ದಳು.

"ನನ್ನ ಹತ್ರಾನೇ ಉಂಟು ವಾಸಪ್ಪಣ್ಣ. ಮೂರು ಗಂಟೆ ಬಸ್ಸಿಗೆ ಕೊಟ್ಟು ಕಳಿಸ್ತೀನಿ. ನೀವು ಸ್ಟಾಪಿಗೆ ಬಂದು ಇಸ್ಕೊಳ್ಳಿ."

"ಸಂಘದ ಕೀ ನಾನು ರಸ್ತೇಲಿ ನಿಂತು ಕಂಡಕ್ಟರ್ ಹತ್ರ ಇಸ್ಕೊಳ್ಳೋದಾ? ಅದೇ ಬಸ್ಸಿಗೆ ನೀನೇ ಬಾ. ಐದಕ್ಕೆ ಹಾಲಿದೆ ಅನ್ನೋದು ನೆನಪಿರಲಿ."

ಆ ಬಸ್ಸು ಹತ್ತಿದರೆ ನಾಲ್ಕೂಕಾಲಕ್ಕೆ ಊರು. ಸಂಜೆಯ ಹಾಲು ತಪ್ಪುವುದಿಲ್ಲ, ಕಾಲೇಜು ತಪ್ಪುತ್ತದೆ. ಸಾಗರದ ಕಚೇರಿ ನಾಳೆಯೂ ತೆರೆದಿರುತ್ತದೆ, ಟಿ.ಸಿ.ಯನ್ನು ಅಲ್ಲಿಗೇ ಮತ್ತೆ ಕೊಡಬಹುದು, ಯಾರೂ ಏನೂ ಅನ್ನುವುದಿಲ್ಲ.

ಮಲೆನಾಡಿನಲ್ಲಿ ಔಷಧ, ಮೀನು, ಮದುವೆ ಕಾಗದ ಎಲ್ಲವೂ ಬಸ್ಸಿನಲ್ಲಿ ಒಂಟಿಯಾಗಿ ಊರು ಸೇರುತ್ತವೆ. ವಿನಯಾ ಬಸ್ ಏಜೆಂಟ್ ಮಂಜುನಾಥಪ್ಪನ ಮೇಜಿನ ಮೇಲೆ ಕೀ ಇಟ್ಟಳು.

"ನಮ್ಮೂರ ಸ್ಟಾಪಲ್ಲಿ ಹಾಲಿನ ಸಂಘದವ್ರು ಬರ್ತಾರೆ."

"ಬರ್ದೇ ಇದ್ರೆ?"

"ಬರ್ತಾರೆ."

ತೀರ್ಥಹಳ್ಳಿ ಬಸ್ಸು ಆಗಲೇ ಹಿಂದಕ್ಕೆ ತಿರುಗುತ್ತಿತ್ತು. ಅವಳು ಓಡಿ ಹತ್ತಿದಳು. ದಾರಿಯಲ್ಲಿ ಬಹಳ ದೂರ ನೆಟ್‌ವರ್ಕ್ ಇರಲಿಲ್ಲ. ಎರಡು ಕಡೆ ಬಸ್ಸು ನಿಂತಿತು, ಒಂದು ಕಡೆ ಚಾಲಕ ಟೀಗೆ ಇಳಿದ. ವಿನಯಾ ಟಿ.ಸಿ.ಯನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು.

ಕಾಲೇಜಿನ ಕಿಟಕಿಯ ಮುಂದೆ ನಿಂತಾಗ ಮೂರೂಮುಕ್ಕಾಲು. ಅವಳ ಮುಂದೆ ಇಬ್ಬರು ಹುಡುಗಿಯರು. ಒಬ್ಬಳು ತಿರುಗಿ, "ಆಂಟಿ, ಮಗಳ ಅಡ್ಮಿಷನ್ನಾ?" ಎಂದಳು.

"ಅಲ್ಲ, ನಂದೇ."

ಹುಡುಗಿ ಪಕ್ಕಕ್ಕೆ ಸರಿದು, "ಹಂಗಾದ್ರೆ ನೀವು ಮುಂದೆ ಹೋಗಿ" ಎಂದಳು. ಗುಮಾಸ್ತ ಟಿ.ಸಿ. ತಿರುವಿ ನೋಡಿದ; ಹದಿನಾರು ವರ್ಷದ ಅಂತರಕ್ಕೆ ಕಾರಣ ಕೇಳಿದ. ಮದುವೆ, ಮಗು, ಕೆಲಸ ಎಂದು ಅವಳು ಹೇಳಿದಳು. ಅವನು ಮೂರನ್ನೂ ಬರೆದುಕೊಳ್ಳದೆ ಮೊಹರು ಒತ್ತಿದ.

ಐದೂ ಹತ್ತಕ್ಕೆ, ಊರಿನ ಬಸ್ಸು ತಪ್ಪಿ ಮುಂದಿನದಕ್ಕೆ ನಿಲ್ದಾಣದಲ್ಲಿ ಕಾಯುತ್ತಿದ್ದಾಗ, ಮತ್ತೆ ಫೋನು. ವಾಸಪ್ಪನವರ ಹಿಂದೆ ಜನರ ಗದ್ದಲ, ಕ್ಯಾನುಗಳ ಸದ್ದು.

"ಕೀ ಬರ್ಲಿಲ್ಲ."

"ಸ್ಟಾಪಿಗೆ ಹೋಗಿದ್ರಾ?"

"ಅದು ಬಿಡು, ನಲವತ್ತು ಜನ ನಿಂತಿದ್ದಾರೆ. ಏಳೂಕಾಲಕ್ಕೆ ಹಾಲಿನ ವ್ಯಾನು. ಟೆಸ್ಟ್ ಇಲ್ದೆ ಹಾಲು ಸುರಿಯಲ್ಲ ಅಂತಿದ್ದಾರೆ. ನಿಮ್ಮತ್ತೇನೇ ಜೋರು ಮಾಡ್ತಿದ್ದಾರೆ. ಎಂತ ಮಾಡ್ಲಿ ಹೇಳು."

ಬಸ್ಸು ದಾಟಿ ಹೋಗಿದೆ, ಕೀ ಇನ್ನು ಸಿಗುವುದು ನಾಳೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಬೀಗ ಒಡೀರಿ."

"ಸಂಘದ ಬೀಗಾನಾ? ಮೀಟಿಂಗ್ ಪುಸ್ತಕದಲ್ಲಿ ಎಂತ ಬರೀಲಿ ನಾನು?"

"ಟೆಸ್ಟರ್ ಕಾಲೇಜಿಗೆ ಸೇರಿದ್ದಾಳೆ ಅಂತ ಬರೀರಿ. ಬೆಳಗಿನ ಪಾಳಿ ನಾನು ಬಿಡಲ್ಲ. ಆರಕ್ಕೆ ಶುರು ಮಾಡೋದಾದ್ರೆ ಸಂಜೇದೂ ನಂದೇ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ. ಇವತ್ತು ಮಾತ್ರ ನೀವೇ ಯಂತ್ರ ಹಾಕಿ, ಗುಂಡಿ ಯಾವ್ದು ಅಂತ ನಾನು ಫೋನಲ್ಲೇ ಹೇಳ್ತೀನಿ."

ವಾಸಪ್ಪ ಫೋನನ್ನು ಯಾರ ಕೈಗೋ ಕೊಟ್ಟರು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು, ಒಂದು, ಎರಡು. ಮೂರನೆಯದಕ್ಕೆ ಯಾರೋ ಕೂಗಿದರು. ವಾಸಪ್ಪ ಏದುಸಿರು ಬಿಡುತ್ತಾ ಮರಳಿ ಬಂದರು.

"ಹೂಂ, ಒಳಗೆ ಬಂದೆ. ಹೇಳು."

"ಎಡಗಡೆ ಕೆಂಪು ಗುಂಡಿ, ವಾಸಪ್ಪಣ್ಣ. ಅದನ್ನ ಒತ್ತಿ, ಎರಡು ನಿಮಿಷ ಕಾಯಿರಿ."