ಕೈ ಹಾಕಿದ ಗಾಡಿ

ಐವತ್ತರ ದಶಕ ಮುಗಿಯುವ ಹೊತ್ತಿನಲ್ಲಿ ನಾನು ನನ್ನ ಬಾಡಿಗೆ ಕಾರನ್ನು ಸೊರಬದ ವರ್ತಕರೊಬ್ಬರಿಗೆ ಮಾರಿದೆ. ಕೊಂಡ ಬೆಲೆಗೇ ಮಾರಿದೆ. ಇದನ್ನು ಎಷ್ಟೋ ವರ್ಷ ಎದೆ ಉಬ್ಬಿಸಿಕೊಂಡು ಹೇಳುತ್ತ ತಿರುಗಿದ್ದೇನೆ. ಅದು ಹೇಗೆ ಆ ಬೆಲೆ ಬಂತು ಎಂದು ಮಾತ್ರ ಊರಿನಲ್ಲಿ ಯಾರಿಗೂ ಹೇಳಲಿಲ್ಲ.

ಶಿಕಾರಿಪುರದಲ್ಲಿ ನಮ್ಮದು ಕಿರಾಣಿ ಅಂಗಡಿ. ಗಲ್ಲಾ ಪೆಟ್ಟಿಗೆಯ ಮುಂದೆ ಅಣ್ಣ ಕೂರುತ್ತಿದ್ದ. ನನಗೋ ಬೆಲ್ಲ ತೂಗುವುದೆಂದರೆ ಮೈಯೆಲ್ಲ ಉರಿ. ಊಟ ಬಿಟ್ಟೆ, ಅವ್ವನಿಂದ ಹೇಳಿಸಿದೆ, ಹಟ ಹಿಡಿದು ಒಂದು ಹಳೆಯ ವಿಲಾಯಿತಿ ಕಾರು ಕೊಡಿಸಿಕೊಂಡೆ. ಶಿಕಾರಿಪುರದಿಂದ ಶಿರಾಳಕೊಪ್ಪ, ಅಲ್ಲಿಂದ ಸೊರಬ. ಮದುವೆಗೆ, ಆಸ್ಪತ್ರೆಗೆ, ಹರಕೆ ಹೊತ್ತವರನ್ನು ತೊಗರ್ಸಿಯ ಗುಡಿಗೆ, ಎಲ್ಲಿಗೆ ಕರೆದರೂ ಬಾಡಿಗೆಗೆ ಹೊರಡುತ್ತಿದ್ದೆ. ಕಾರು ಬಂದ ದಿನವೇ ಅಣ್ಣ ಅಂದಿದ್ದ: "ನಿನ್ನ ಕೈಯಾಗೆ ಇದು ಬಾಳಲ್ಲ. ಗುಜರಿಗೆ ಹಾಕೇ ನೀನು ಅಂಗಡಿಗೆ ಬರೋದು." ಆ ಮಾತನ್ನು ನಾನು ನುಂಗಿಕೊಳ್ಳಲೇ ಇಲ್ಲ. ನನ್ನ ಸ್ವಭಾವವೇ ಅಂಥದ್ದು.

ಒಂದು ಸಲ ಮದುಮಗನನ್ನು ಕೂರಿಸಿಕೊಂಡು ಸೊರಬದ ಕಡೆ ಹೊರಟಿದ್ದೆ. ಏರಿನಲ್ಲಿ ಕಾರು ಏದುಸಿರು ಬಿಡುತ್ತಿತ್ತು. ಹಿಂದಿನಿಂದ ಸರ್ವೀಸ್ ಬಸ್ಸು ಬಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಕೆಂಪು ಧೂಳು ಮದುಮಗನ ಬಿಳಿ ಶಲ್ಯದ ಮೇಲೆಲ್ಲ ಕೂತಿತು. ಬಸ್ಸಿನ ಕಿಟಕಿಯಿಂದ ಯಾರೋ ತಲೆ ಹೊರಗೆ ಹಾಕಿ, "ಎರಡು ಎತ್ತು ಕಟ್ಟಪ್ಪೋ ಅದಕ್ಕೆ" ಎಂದು ಕೂಗಿದ. ಮದುಮಗನೂ ನಕ್ಕ. ಆ ನಗು ಕೇಳಿ ನನಗೆ ಬಸ್ಸಿಗೇ ಕಾರು ಗುದ್ದಿಬಿಡಬೇಕು ಅನ್ನಿಸಿತು.

ಮರುದಿನ ಬೆಳಿಗ್ಗೆಯೇ ಮಿಸ್ತ್ರಿ ಸಾಬರ ಶೆಡ್ಡಿಗೆ ಹೋದೆ. ಊರಿನಲ್ಲಿ ಎಂಜಿನ್ ಬಿಚ್ಚಿ ಕೂರಿಸಬಲ್ಲವರು ಅವರೊಬ್ಬರೇ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಮಾತು ಕಡಿಮೆ. ಎಂಜಿನ್ನಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ಮಗುವಿನ ಜ್ವರ ನೋಡಿದ ಹಾಗೆ.

"ಸಾಬ್ರೇ, ಈ ಗಾಡಿ ಬಸ್ಸನ್ನ ಹಿಂದೆ ಹಾಕ್ಬೇಕು. ಏನ್ ಬೇಕಾದ್ರೂ ಮಾಡ್ರಿ" ಅಂದೆ.

"ಮಾಡಬೌದು ತಮ್ಮಾ. ಮಾಡಬಾರದು."

"ಯಾಕ್ರೀ?"

"ಮಾರೋ ದಿನ ಅಳ್ತೀಯ. ಕಂಪನಿಯಿಂದ ಹೆಂಗೆ ಬಂತೋ ಹಂಗೇ ಇದ್ರೆ ಗಾಡಿಗೆ ಬೆಲೆ. ಕೈ ಹಾಕಿದ ಗಾಡಿ ಅಂದ್ರೆ ಕೊಳ್ಳೋರು ಹತ್ರಾನೂ ಬರಲ್ಲ. ಜೋರು ಓಡೋ ಹಂಗೆ ಮಾಡಿಸ್ಯಾನೆ ಅಂದ್ರೆ, ಜೋರು ಓಡಿಸ್ಯಾನೆ ಅಂತಾನೇ ಅರ್ಥ."

ನಾನು ಕೇಳುವವನೇ? ಮೂರು ದಿನ ಅವರ ಶೆಡ್ಡಿನಲ್ಲೇ ಠಿಕಾಣಿ ಹೂಡಿದೆ. ರೇಗಿದೆ, ಗೋಗರೆದೆ, "ನಿಮ್ಮ ಕೈಲಿ ಆಗಲ್ಲ ಅನ್ರಿ, ಹೋಗ್ತೀನಿ" ಎಂದು ಚುಚ್ಚಿದೆ. ಕೊನೆಗೆ ಅವರು ಸ್ಪಾನರ್ ಎತ್ತಿಕೊಂಡರು. ಮಿಲಿಟರಿ ಹರಾಜಿನಲ್ಲಿ ಬಂದಿದ್ದ ದೊಡ್ಡ ಕಾರ್ಬುರೇಟರ್ ಹುಡುಕಿ ತಂದು ಕೂರಿಸಿದರು. ಸೈಲೆನ್ಸರ್ ತೆಗೆದು ಬರೀ ಕೊಳವೆ ಬಿಟ್ಟರು. ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡನ್ನು ಕಳಚಿ, ದಾವಣಗೆರೆಯ ಲೇತಿನವರ ಹತ್ತಿರ ಒಂದು ಪದರ ತಿಕ್ಕಿಸಿ ತಂದರು. ಮುಚ್ಚಳ ಕೆಳಗಿಳಿದಷ್ಟೂ ಒಳಗಿನ ಒತ್ತಡ ಹೆಚ್ಚಿ ಗಾಡಿಗೆ ಕಸುವು ಬರುತ್ತದಂತೆ. ತೆಗೆದ ಹಳೆಯ ಸಾಮಾನನ್ನು ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು.

"ಇವು ಮಾರೋ ದಿನ ಬೇಕಾಗ್ತವೆ. ತಿಕ್ಕಿಸಿದ ಹೆಡ್ಡು ಮಾತ್ರ ಮತ್ತೆ ದಪ್ಪ ಆಗಲ್ಲ, ನೆನಪಿಟ್ಕೋ" ಅಂದರು.

ಅದೇ ವಾರ ಶಿರಾಳಕೊಪ್ಪದ ಆಚೆ ಬಸ್ಸನ್ನು ಹಿಂದೆ ಹಾಕಿದೆ. ಅದರ ಮುಂದೆ ಧೂಳೆಬ್ಬಿಸಿಕೊಂಡು ಹೋದ ಆ ಸುಖವನ್ನು ಸುಳ್ಳು ಅನ್ನಲಾರೆ. ಒಂದೂವರೆ ವರ್ಷ ನಾನೇ ರಾಜ. ಆಮೇಲೆ ಬಾಡಿಗೆ ಕಡಿಮೆಯಾಗುತ್ತ ಬಂತು. ಆ ಗುಡುಗಾಟದ ಗಾಡಿಯಲ್ಲಿ ಬಸುರಿಯರನ್ನು ಕೂರಿಸಲು ಯಾರೂ ಒಪ್ಪಲಿಲ್ಲ. ಪೆಟ್ರೋಲು ನೀರಿನ ಹಾಗೆ ಹೋಗುತ್ತಿತ್ತು. ಅಣ್ಣ ಒಂದು ದಿನ ತಣ್ಣಗೆ, "ಮಾರಿಬಿಡು. ಕೊಟ್ಟ ಬೆಲೆ ವಾಪಸ್ ಬಂದ್ರೆ ಇನ್ನು ನಿನಗೆ ಬುದ್ಧಿ ಹೇಳಲ್ಲ" ಅಂದ. ಪಕ್ಕದಲ್ಲಿ ಗಿರಾಕಿಗಳು ನಿಂತಿದ್ದರು. ನನಗೆ ಅಷ್ಟೇ ಸಾಕಾಯಿತು. ಬಂದರೆ ಕೊಂಡ ಬೆಲೆಯೇ ಬರಬೇಕು ಎಂದು ನಿಶ್ಚಯಿಸಿಬಿಟ್ಟೆ.

ಸೊರಬದಲ್ಲಿ ಅಕ್ಕಿ ಗಿರಣಿ ಹಾಕಿದ್ದ ವರ್ತಕರೊಬ್ಬರು ಮನೆಯವರ ಓಡಾಟಕ್ಕೆ ಕಾರು ಹುಡುಕುತ್ತಿದ್ದರು. ಅವರಿಗೆ ಎರಡು ಲಾರಿ ಬೇರೆ. ಅವನ್ನು ನೋಡಿಕೊಳ್ಳಲು ತಿಂಗಳ ಸಂಬಳದ ಮಿಸ್ತ್ರಿಯೂ ಬೇಕಿತ್ತು. ಇರಲು ಮನೆಯನ್ನೂ ಅವರೇ ಕೊಡುವವರು. ಈ ಸುದ್ದಿ ಸಾಬರಿಗೆ ಹೇಳಿದಾಗ ಅವರ ಕೈ ಕೆಲಸದ ಮಧ್ಯೆ ನಿಂತುಬಿಟ್ಟಿತು. ಬಸ್ಸಿನವರು ತಮ್ಮದೇ ಮಿಸ್ತ್ರಿ ಇಟ್ಟುಕೊಂಡ ಮೇಲೆ ಸಾಬರ ಶೆಡ್ಡು ಅರ್ಧ ದಿನ ಖಾಲಿ ಇರುತ್ತಿತ್ತು. ನಾಲ್ಕು ಹೆಣ್ಣುಮಕ್ಕಳು. ಯಾವತ್ತೂ ಯಾರನ್ನೂ ಏನೂ ಕೇಳದ ಮನುಷ್ಯ, "ನಂದೊಂದು ಮಾತು ಹಾಕು ತಮ್ಮಾ" ಅಂದರು. ಹಾಕೇ ಹಾಕುತ್ತೇನೆ ಎಂದು ಅವರ ಕೈ ಹಿಡಿದು ಹೇಳಿದೆ.

ಅಟ್ಟದಿಂದ ಗೋಣಿ ಇಳಿಯಿತು. ಹಳೆಯ ಕಾರ್ಬುರೇಟರ್, ಹಳೆಯ ಸೈಲೆನ್ಸರ್ ಮತ್ತೆ ತಮ್ಮ ಜಾಗಕ್ಕೆ ಹೋದವು. ಎರಡು ದಿನದ ಆ ಕೆಲಸಕ್ಕೆ ಅವರು ಒಂದು ಪೈಸೆ ಮುಟ್ಟಲಿಲ್ಲ. ಹೆಡ್ಡಿನ ವಿಚಾರ ಕೇಳಿದ್ದಕ್ಕೆ, "ಕೇಳಿದ್ರೆ ನಿಜ ಹೇಳಿಬಿಡು. ಸ್ವಲ್ಪ ಬೆಲೆ ಇಳಿಸು. ಮರ್ಯಾದೆ ಉಳೀತೈತೆ" ಅಂದರು. ಒಗೆದ ಕೋಟು ತೊಟ್ಟು ನನ್ನ ಜೊತೆ ಸೊರಬಕ್ಕೆ ಬಂದರು. ನನ್ನ ಗಾಡಿ ನೋಡಿಕೊಳ್ಳುವ ಮಿಸ್ತ್ರಿ ಇವರೇ ಎಂದು ವರ್ತಕರಿಗೆ ಹೇಳಿ, ಕೆಲಸದ ಮಾತೂ ಹಾಕಿದೆ.

ವರ್ತಕರು ಕಾರಿನ ಸುತ್ತ ಒಂದು ಸುತ್ತು ಹಾಕಿ ಮುಂದಿನ ಸೀಟಿನಲ್ಲಿ ಕೂತರು. ಓಡಿಸಿದವನು ಅವರ ಹಳೆಯ ಡ್ರೈವರ್. ಸಾಬರೂ ನಾನೂ ಹಿಂದೆ. ಸಮ ರಸ್ತೆಯಲ್ಲಿ ಕಾರು ಮಂಚದ ಮೇಲೆ ಮಲಗಿದಷ್ಟು ಮೆತ್ತಗೆ ಹೋಯಿತು. ಊರಾಚೆ ಏರು ಬಂದಾಗ ಎಂಜಿನ್ನಿನೊಳಗಿಂದ ಕಟಕಟ ಶುರುವಾಯಿತು. ಡ್ರೈವರ್ ಗಾಡಿ ನಿಲ್ಲಿಸಿ ವರ್ತಕರ ಕಡೆ ತಿರುಗಿದ.

"ಹೆಡ್ಡು ತಿಕ್ಕಿಸಿದಾರೆ ಯಜಮಾನ್ರೆ. ರೇಸಿಗೆ ಬಿಟ್ಟ ಗಾಡಿ ಇದು."

"ಹೌದೇನ್ರೀ?" ವರ್ತಕರು ನನ್ನ ಮುಖವನ್ನೇ ನೋಡಿದರು. "ಮಾಡಿಸಿದ್ದು ಯಾರು ಮಾರಾಯ್ರೆ?"

ನಿಜ ಹೇಳಿದ್ದರೆ ಬೆಲೆಯಲ್ಲಿ ಒಂದಿಷ್ಟು ಹೋಗುತ್ತಿತ್ತು. ಅಷ್ಟೇ. ನನ್ನ ಮನೆಯಲ್ಲಿ ಯಾರೂ ಉಪವಾಸ ಬೀಳುತ್ತಿರಲಿಲ್ಲ. ನನ್ನ ಕಣ್ಣ ಮುಂದೆ ಬಂದಿದ್ದು ಗಲ್ಲಾದ ಮುಂದೆ ಕೂತ ಅಣ್ಣನ ಮುಖ. "ನನಗೇನು ಗೊತ್ತು ಯಜಮಾನ್ರೆ? ನಾನು ಮೆಲ್ಲಗೆ ಓಡಿಸೋನು. ರಿಪೇರಿಗೆ ಬಿಟ್ಟಾಗ ಮಿಸ್ತ್ರಿ ನನ್ನ ಕೇಳದೆ ಮಾಡಿದಾರೆ" ಅಂದೆ. ಮಿಸ್ತ್ರಿ ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು.

ವರ್ತಕರು ಅವರನ್ನು ಕೇಳಿದರು. ಸಾಬರು, "ತಿಕ್ಕಿಸಿದ್ದು ನಾನೇ" ಅಂದರು. ಅದು ಸುಳ್ಳಲ್ಲ. ಅದಕ್ಕಿಂತ ಹೆಚ್ಚಿಗೆ ಒಂದು ಮಾತೂ ಆಡಲಿಲ್ಲ.

ಮೆಲ್ಲಗೆ ಓಡಿದ ಗಾಡಿ ಎಂದು ನಂಬಿದ ವರ್ತಕರು ಪೂರ್ತಿ ಬೆಲೆ ಕೊಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಗಾಡಿ ಇರಲಿ. ಮಿಸ್ತ್ರಿ ಬೇಡ. ಕೇಳದೆ ಕೈ ಹಾಕೋರನ್ನ ಇಟ್ಕಂಡು ಏನು ಮಾಡ್ಲಿ?" ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಸಾಬರು ನನ್ನ ಜೊತೆ ಜಗಳವಾಡಲಿ ಎಂದು ಕಾದೆ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಡ್ರೈವರ್‌ಗಳ ಬಾಯಿಂದ ಮಾತು ನಮ್ಮೂರಿಗೂ ಬಂತು. ಆ ಸಾಬ್ರು ಕೇಳದೆ ಎಂಜಿನ್ ಬಿಚ್ತಾರಂತೆ. ಉಳಿದಿದ್ದ ನಾಲ್ಕು ಗಿರಾಕಿಗಳೂ ಶಿರಾಳಕೊಪ್ಪದ ಕಡೆ ತಿರುಗಿದರು. ನಾನು ಅಂಗಡಿಯಲ್ಲಿ ಬೆಲ್ಲ ತೂಗುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಎರಡು ತಿಂಗಳ ಮೇಲೆ ತಡೆಯಲಾರದೆ ಸೊರಬಕ್ಕೆ ಹೋಗಿ ವರ್ತಕರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಸಿಟ್ಟಾಗಲಿಲ್ಲ. ಕಾಫಿ ತರಿಸಿದರು.

"ಒಳ್ಳೇದಾಯ್ತು ಬಂದು ಹೇಳಿದ್ದು. ಮಿಸ್ತ್ರಿ ಜಾಗ ಇನ್ನೂ ಖಾಲಿ ಇದೆ, ನಾಳೆಯೇ ಬರಲಿ. ನಿಮ್ಮ ಗಾಡಿ ನೀವು ತಗೊಂಡು ಹೋಗಿ, ನನ್ನ ದುಡ್ಡು ನನಗೆ ಕೊಡಿ. ಎರಡೂ ಒಟ್ಟಿಗೆ ಆಗ್ಲಿ."

ನ್ಯಾಯದ ಮಾತು. ಕಾರು ವಾಪಸು ತಂದು ಅಂಗಡಿಯ ಮುಂದೆ ನಿಲ್ಲಿಸುವುದನ್ನು ನೆನೆದೆ. ಕಾಫಿ ಕುಡಿದು, "ಮನೇಲಿ ವಿಚಾರ ಮಾಡಿ ಹೇಳ್ತೀನ್ರಿ" ಎಂದು ಎದ್ದೆ. ಮತ್ತೆ ಆ ಕಡೆ ಕಾಲಿಡಲಿಲ್ಲ. ಆ ಜಾಗ ಇನ್ನೂ ಖಾಲಿ ಇದೆ ಎಂದು ಸಾಬರಿಗೆ ಹೇಳಲೂ ಇಲ್ಲ.

ಆ ಬೇಸಿಗೆ ಮುಗಿಯುವುದರೊಳಗೆ ಸಾಬರು ಶೆಡ್ಡಿನ ತಗಡು ಇಳಿಸಿ, ಸಂಸಾರ ಕಟ್ಟಿಕೊಂಡು ರಾಣೆಬೆನ್ನೂರಿನ ಕಡೆ ಹೋದರು. ನಾನು ಅವರೊಡನೆ ಕಡೆಯ ಸಲ ಮಾತಾಡಿದ್ದು ವರ್ತಕರ ಕಾಫಿ ಕುಡಿದು ಸೊರಬದಿಂದ ಬಂದ ಆ ಸಂಜೆಯೇ. ಬಸ್ಸಿಳಿದಾಗ ಎದುರಿಗೇ ಸಿಕ್ಕರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ಸೊರಬಕ್ಕೆ ಹೋಗಿದ್ದೇನು? ಗಾಡಿ ಹೆಂಗೈತೆ?"

"ಚೆನ್ನಾಗೈತ್ರಿ."

"ಏರಿನಾಗೆ ಜಾಸ್ತಿ ಒತ್ತಬ್ಯಾಡ ಅಂತ ಆ ಡ್ರೈವರ್‌ಗೆ ಹೇಳಬೇಕಿತ್ತು. ಪಿಸ್ಟನ್ ಹೋಗ್ತೈತೆ. ಹೇಳಿದ್ಯಾ?"

"ಹೇಳಿದೀನ್ರಿ" ಅಂದೆ.

ಅದನ್ನೂ ಹೇಳಿರಲಿಲ್ಲ.