ಮಗ್ಗದ ಗುಂಡಿನ ತವರು

ಬೆಟಗೇರಿಯ ನಮ್ಮ ಮನೆಯ ಕುಣಿಮಗ್ಗದಲ್ಲಿ, ಹಾಸಿನ ನೂಲು ಬಿಗಿಯಾಗಿರಲೆಂದು ಕಟ್ಟಿದ ಸುಟ್ಟ ಮಣ್ಣಿನ ಗುಂಡೊಂದು ಜೋತಾಡುತ್ತಿರುತ್ತದೆ. ಮುಂಡರಗಿ ಕಡೆಯ ಹೊಳೆದಂಡೆಯ ತವರಿನಿಂದ ಅವ್ವ ಮದುವೆಯಲ್ಲಿ ತಂದದ್ದಂತೆ. ಆ ಊರು ಈಗ ಅಣೆಕಟ್ಟಿನ ಹಿನ್ನೀರಿನ ಅಡಿ. ಅವಳಿಗೆ ಉಳಿದದ್ದು ಇದೊಂದೇ. ಅಪ್ಪ ಮಾತ್ರ, "ಏ, ಅದು ನಮ್ಮ ಓಣಿ ಕುಂಬಾರಂದ ಬಿಡ" ಎಂದು ಕಾಡಿಸುತ್ತಿದ್ದ. ಅವ್ವನ ಮುಖ ಕೆಂಪಾಗುತ್ತಿತ್ತು.

ಕಳೆದ ವರ್ಷ ಸೀರೆ ನೋಡಲು ಬಂದ ಹೆಣ್ಣುಮಗಳೊಬ್ಬಳು ಸೀರೆ ಬಿಟ್ಟು ಗುಂಡನ್ನೇ ನೋಡುತ್ತ ನಿಂತಳು. ಹಳೆಯ ಮಣ್ಣಿನ ವಸ್ತುಗಳ ಮೂಲ ಹುಡುಕುವ ಸಂಶೋಧಕಿ. ಇದು ಬಹಳ ಪುರಾತನ, ಯಾವ ಊರಿನ ಮಣ್ಣೆಂದೂ ತಿಳಿಯಬಹುದು ಎಂದಳು.

ಅವ್ವ ಗುಂಡಿಗೆ ಸೆರಗು ಮುಚ್ಚಿದಳು. "ಒಡದು ನೋಡ್ತಿಯೇನವಾ? ಹಂಗಿದ್ರ ಬ್ಯಾಡ."

"ಒಂದ ಕಣಾನೂ ಕೆರಿಯೂದಿಲ್ರಿ ಅವ್ವಾರ. ಬರೇ ಕಿರಣ ಬಿಡ್ತೇನ್ರಿ."

ಮರುವಾರ ಯಂತ್ರ ತಂದಳು, ನೋಡಲು ಹೇರ್ ಡ್ರೈಯರ್‌ನಂಥದ್ದು. ಅದರ ಕ್ಷ-ಕಿರಣ ತಾಕಿದರೆ ಮಣ್ಣಿನೊಳಗಿನ ಕಬ್ಬಿಣ, ಸುಣ್ಣ ಎಲ್ಲವೂ ತಂತಮ್ಮ ಗುರುತಿನ ಕಿರಣ ವಾಪಸು ಕಳಿಸುತ್ತವಂತೆ. ಯಾವುದು ಎಷ್ಟು ಬೆರೆತಿದೆ ಎಂಬುದು ಊರಿಂದೂರಿಗೆ ಬೇರೆಯಂತೆ. ಅಬ್ಬಾ! ನನ್ನ ಮೈ ಜುಮ್ಮೆಂದಿತು.

ಅವಳು ಮಾತ್ರ ಹುಬ್ಬು ಗಂಟಿಕ್ಕಿದಳು. "ಸೀಸ ಭಾಳ ತೋರಸಾಕತ್ತೈತಿ. ಈ ಸೀಮಿ ಮಣ್ಣಾಗ ಇಷ್ಟ ಇರೂದಿಲ್ರಿ."

ಅಪ್ಪ ಕಿಸಕ್ಕೆಂದ.

"ಕುಂಕುಮ ಇರಬೇಕವಾ" ಎಂದಳು ಅವ್ವ. "ವರ್ಷಾ ದಸರಾದಾಗ ಖಂಡೇಪೂಜಿಗೆ ಮಗ್ಗದ ಸಾಮಾನಕ್ಕೆಲ್ಲಾ ಹಚ್ತೇವಿ. ನೀ ಬರ್ತಿ ಅಂತ ನಿನ್ನಿ ಇನ್ನಷ್ಟ ಹಚ್ಚೇನಿ!"

ಸಂಶೋಧಕಿ ಹಣೆ ಚಚ್ಚಿಕೊಂಡು ನಕ್ಕಳು. ಅಂಗಡಿ ಕುಂಕುಮದ ಬಣ್ಣದಲ್ಲಿ ಸೀಸ ಬೆರೆತಿರುವುದುಂಟಂತೆ. ಯಂತ್ರ ಓದುವುದು ಮೇಲ್ಮೈಯನ್ನಷ್ಟೇ. ತಿಕ್ಕಿ ತೊಳೆದರೆ ಹಳೆಯ ಮಣ್ಣು ಸವೆದೀತು. ಗುಂಡನ್ನು ತಿರುಗಿಸಿ ತಿರುಗಿಸಿ ನೋಡಿದೆವು. ನಡುವಿನ ತೂತಿನ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ನುಣುಪಾಗಿ, ಕುಂಕುಮ ನಿಂತಿರಲಿಲ್ಲ. ಅವ್ವ ಕಟ್ಟಿದ ಹಗ್ಗ, ಅವಳ ಅವ್ವ ಕಟ್ಟಿದ ಹಗ್ಗ, ಅದಕ್ಕೂ ಹಿಂದೆ ಯಾರ್‍ಯಾರ ಕೈಯೋ! ಸಂಶೋಧಕಿ ಯಂತ್ರವನ್ನು ಅಲ್ಲಿಗೇ ಹಿಡಿದಳು.

ತಿಂಗಳಾದ ಮೇಲೆ ಅವಳ ಫೋನು ಬಂತು. ಊರು ಮುಳುಗುವ ಮುಂಚೆ ಆ ದಂಡೆಯಲ್ಲಿ ಸಂಶೋಧಕರು ಆಯ್ದಿಟ್ಟಿದ್ದ ಹಳೆಯ ಮಡಕೆ ಚೂರುಗಳಿಗೆ ಗುಂಡಿನ ಮಣ್ಣು ಹೊಂದುತ್ತದಂತೆ. ಬೆಟಗೇರಿಯ ಮಣ್ಣಿಗೆ ಹೊಂದುವುದಿಲ್ಲವಂತೆ.

ಗೆದ್ದೆನೆಂದು ಅವ್ವ ಅಪ್ಪನ ಮೇಲೆ ಏರಿಹೋಗುತ್ತಾಳೆ ಅಂದುಕೊಂಡಿದ್ದೆ. ಗುಂಡನ್ನು ಮಡಿಲಲ್ಲಿಟ್ಟುಕೊಂಡು ಗಳಗಳನೆ ಅತ್ತಳು. ಅಪ್ಪ ನೀರು ತಂದುಕೊಟ್ಟ.

ಈ ಸಲದ ಖಂಡೇಪೂಜೆಗೆ ಅವ್ವ ಗುಂಡಿನ ಸುತ್ತ ಕುಂಕುಮ ಬಳಿದಳು. ತೂತಿನ ಅಂಚನ್ನು ಮಾತ್ರ ಸೆರಗಿನಿಂದ ಒರೆಸಿ ಖಾಲಿ ಬಿಟ್ಟಳು. ಯಾಕೆಂದು ಕೇಳಿದೆ.

"ಅದು ತನ್ನ ಊರ ಹೇಳಿದ್ದು ಇಲ್ಲಿಂದ ಅಲ್ಲೇನಪಾ. ಮುಂದ ಯಾರರ ಕೇಳಾಕ ಬಂದ್ರ, ಹೇಳಾಕ ನಾ ಇರ್ತೇನೇನು?"