ಮಾವನವರು ನೊರೆ ಇಳಿಸಿದ್ದು

ಆ ವರ್ಷ ಮಾರ್ಚ್‌ನಲ್ಲಿ ನನ್ನ ಬೆನ್ನಿನ ಆಪರೇಷನ್ ಆಯಿತು. ಮೂರು ತಿಂಗಳು ಅರ್ಧ ಗಂಟೆಗಿಂತ ಹೆಚ್ಚು ಕೂತಿರುವ ಹಾಗಿರಲಿಲ್ಲ. ಟೆಕ್ಸಸ್‌ನ ಪ್ಲೇನೋದ ಆಫೀಸಿನಲ್ಲಿ ನಾವು ಏಳು ಜನರ ಟೀಮು. ಸರ್ವರ್ ಕೈಕೊಟ್ಟರೆ ಯಾವ ಹೊತ್ತಿನಲ್ಲಾದರೂ ಎದ್ದು ನೋಡಬೇಕಾದ ಪಾಳಿ ವಾರಕ್ಕೊಬ್ಬರಂತೆ ಬರುತ್ತಿತ್ತು. ನಾನು ಏನನ್ನೂ ಕೇಳಿಕೊಂಡಿರಲಿಲ್ಲ. ಒಂದು ಬೆಳಿಗ್ಗೆ ಮಲಗಿದಲ್ಲೇ ಫೋನಿನಲ್ಲಿ ಪಾಳಿಯ ಕ್ಯಾಲೆಂಡರ್ ತೆರೆದೆ. ನನ್ನ ಹೆಸರು ಇರಬೇಕಾದ ಕಡೆಯೆಲ್ಲ ಉಳಿದ ಆರು ಜನರ ಹೆಸರು ಬಂದಿತ್ತು. ಜೂನ್ ಕೊನೆಯವರೆಗೂ ಹಾಗೇ. ಆವತ್ತು ನಾನು ಗೋಡೆ ಕಡೆ ತಿರುಗಿಕೊಂಡು ಅತ್ತುಬಿಟ್ಟೆ.

ನನ್ನನ್ನು ನೋಡಿಕೊಳ್ಳಲು ಧಾರವಾಡದಿಂದ ಮಾವನವರು ಬಂದಿದ್ದರು. ನಾದಿನಿಯ ಬಾಣಂತನ ಇದ್ದದ್ದರಿಂದ ಅತ್ತೆ ಬರುವ ಹಾಗಿರಲಿಲ್ಲ. "ಅಡಿಗಿ ನನಗೂ ಬರ್ತದ" ಎಂದು ಅವರೊಬ್ಬರೇ ವಿಮಾನ ಹತ್ತಿದ್ದರು. ಹಾಲಿನ ಡೇರಿಯಲ್ಲಿ ಮೂವತ್ತು ವರ್ಷ ಮೆಷಿನ್ನು, ಪೈಪು, ಕೋಲ್ಡ್ ರೂಮು ನೋಡಿಕೊಂಡು ರಿಟೈರ್ ಆದವರು. ಬೆಳಗಾದರೆ ಸಂಧ್ಯಾವಂದನೆ, ಆಮೇಲೆ ಉಪ್ಪಿಟ್ಟು, ಆಮೇಲೆ ನನ್ನ ವಾಕಿಂಗು. ಪ್ಲೇನೋ ಹತ್ತಿರದ ಪ್ರಾಸ್ಪರ್‌ನಲ್ಲಿ ನಮ್ಮ ಬೀದಿಯ ಮನೆಗಳಿಗೆಲ್ಲ ಆಗಿನ್ನೂ ಹೊಸ ಬಣ್ಣದ ವಾಸನೆ, ಒಂದು ಮರವೂ ಎದೆಯುದ್ದ ಬೆಳೆದಿರಲಿಲ್ಲ. ನಾನು ವಾಕರ್ ಹಿಡಿದು ಹತ್ತು ಹೆಜ್ಜೆ ಹಾಕುವುದು, ಅವರು ಛತ್ರಿ ಹಿಡಿದು ಪಕ್ಕದಲ್ಲಿ ಎಣಿಸುವುದು. ಮೈಸೂರಿನವಳಾದ ನನಗೆ ಅವರ ಮಾತು ಮೊದಮೊದಲು ಗದರಿಸಿದ ಹಾಗೆ ಕೇಳುತ್ತಿತ್ತು. ಆ ಮೂರು ತಿಂಗಳಲ್ಲಿ ಆ ದನಿ ಕೇಳದಿದ್ದರೆ ನಡೆಯುವುದೇ ಆಗದು ಎನ್ನುವ ಹಾಗಾಯಿತು.

ಜೂನ್‌ನಲ್ಲಿ ನಾನು ನೆಟ್ಟಗೆ ನಿಂತೆ. ಟೀಮಿನವರನ್ನೆಲ್ಲ ಮನೆಗೆ ಕರೆದು ಊಟ ಹಾಕಬೇಕು ಅನ್ನಿಸಿತು. ಅವರಿಗೆ ಬಿಯರ್ ಅಂದರೆ ಪ್ರೀತಿ. ಸತ್ಯ ಹೇಳಬೇಕೆಂದರೆ ನನಗೂ. ನನ್ನ ಗಂಡ ಒಂದು ಗ್ಲಾಸಿಗೇ ನಿದ್ದೆ ಹೋಗುವವರು. ಅಷ್ಟರಲ್ಲಿ ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿರುವ ನಮ್ಮ ಪರಿಚಯದ ಡಾಕ್ಟರ್ ಅಂಕಲ್ ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಶಿಫ್ಟ್ ಆಗುತ್ತಿದ್ದರು. ಅವರ ಗ್ಯಾರೇಜಿನಲ್ಲೊಂದು ಕೆಗರೇಟರ್ ಇತ್ತು. ಅಂದರೆ ಪುಟ್ಟ ಫ್ರಿಜ್ಜು, ಒಳಗೆ ಬಿಯರ್ ತುಂಬಿದ ಪೀಪಾಯಿ, ಪಕ್ಕದಲ್ಲಿ ಗ್ಯಾಸ್ ಸಿಲಿಂಡರು, ನೆತ್ತಿಯ ಮೇಲೆ ಒಂದು ಕಂಬ, ಕಂಬಕ್ಕೆ ನಲ್ಲಿ. ಗ್ಯಾಸಿನ ಒತ್ತಡಕ್ಕೆ ಬಿಯರ್ ಪೈಪಿನಲ್ಲಿ ಮೇಲೇರಿ ನಲ್ಲಿಗೆ ಬರುತ್ತದೆ. "ತಗೊಂಡು ಹೋಗಮ್ಮ, ನನ್ನ ಡಾಕ್ಟರ್ ನನಗೆ ಬೇಡ ಅಂದುಬಿಟ್ಟಿದ್ದಾನೆ" ಎಂದು ನಕ್ಕರು ಅಂಕಲ್. ನನ್ನ ಗಂಡ ಹೋಗಿ ತಂದರು. ಅದರ ಮುಂದಿನ ವಾರ ಆಸ್ಟಿನ್‌ಗೆ ಡ್ರೈವ್ ಮಾಡಿ, ನಮ್ಮ ಟೀಮಿನವರು ಹೊಗಳುತ್ತಿದ್ದ ಒಂದು ಸಣ್ಣ ಬ್ರೂವರಿಯಿಂದ ಪೀಪಾಯಿಯನ್ನೂ ತಂದರು. ಮಾವನವರ ಕಣ್ಣಿಗೆ ಬೀಳದಿರಲಿ ಎಂದು ಎಲ್ಲವನ್ನೂ ಗ್ಯಾರೇಜಿನ ಮೂಲೆಯಲ್ಲಿಟ್ಟು ಮೇಲೊಂದು ಬೆಡ್‌ಶೀಟ್ ಹೊದಿಸಿದೆವು.

ನಲ್ಲಿ ತಿರುಗಿಸಿದರೆ ಬರೀ ನೊರೆ. ಗ್ಲಾಸಿನ ತುಂಬ ಬಿಳಿ ನೊರೆ, ತಳದಲ್ಲಿ ಒಂದು ಗುಟುಕು ಬಿಯರ್. ಇನ್ನೂರು ಮೈಲಿ ಕುಲುಕಿಕೊಂಡು ಬಂದಿದೆ, ಒಂದು ದಿನ ಬಿಡೋಣ ಅಂದುಕೊಂಡೆವು. ಮರುದಿನವೂ ನೊರೆ. ಒತ್ತಡ ಇಳಿಸಿದೆವು, ಏರಿಸಿದೆವು. ನಾಲ್ಕನೇ ದಿನ ನೊರೆಯೂ ಇಲ್ಲ, ಬಿಯರೂ ಇಲ್ಲ. ಹೊಸದಾಗಿ ತುಂಬಿಸಿದ್ದ ಗ್ಯಾಸ್ ಪೂರ್ತಿ ಖಾಲಿ. ಪಾರ್ಟಿಗೆ ಇನ್ನು ಒಂಬತ್ತು ದಿನ.

ನಾವಿಬ್ಬರೂ ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡು ಪಿಸುಗುಡುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಗ್ಯಾಸ್ ಎಲ್ಲೋ ಸೋರ್ಲಿಕ್ಕತ್ತದ. ಸಾಬೂನ ನೀರು ಮಾಡಿದ್ರೇನು?"

ಬಾಗಿಲಲ್ಲಿ ಮಾವನವರು ನಿಂತಿದ್ದರು. ನನ್ನ ಗಂಡ ಬೆಡ್‌ಶೀಟ್ ಎಳೆಯಲು ಹೋದರು. ನಾನೇ ಹೇಳಿದೆ, "ಮಾವ, ಇದು ಬಿಯರ್ ಮೆಷಿನ್ನು. ಇವರದಲ್ಲ, ನಂದು."

"ಗೊತ್ತದ. ಬೆಡ್‌ಶೀಟ್ ಮೊದಲನೇ ದಿನನ ತಗದು ನೋಡೀನಿ" ಎಂದರು ಅವರು. ಯಾರಿಗಾಗಿ ಎಂದು ಕೇಳಿದರು. ನಾನು ಆ ಆರು ಜನರ ವಿಷಯ, ಕ್ಯಾಲೆಂಡರಿನ ವಿಷಯ ಎಲ್ಲ ಹೇಳಿದೆ. ಅದನ್ನು ನಾನು ಅವರಿಗೆ ಅದುವರೆಗೆ ಹೇಳಿಯೇ ಇರಲಿಲ್ಲ. ಅವರು ಪಂಚೆ ಮೇಲೆ ಕಟ್ಟಿದರು. "ಒಂದು ಬಟ್ಟಲ ತಾ."

ಹೊಸ ಗ್ಯಾಸ್ ತುಂಬಿಸಿ ತಂದ ಮೇಲೆ ಅವರು ಸಾಬೂನಿನ ನೀರನ್ನು ಬ್ರಷ್ಷಿನಿಂದ ಒಂದೊಂದೇ ಜೋಡಣೆಗೆ ಸವರುತ್ತಾ ಬಂದರು. ಸಿಲಿಂಡರಿಗೆ ಒತ್ತಡದ ಮೀಟರು ಕೂರುವ ಕಡೆ ಗುಳ್ಳೆಗಳು ಎದ್ದವು. ಬಿಚ್ಚಿ ನೋಡಿದರೆ ಒಳಗೆ ವಾಷರ್ರೇ ಇಲ್ಲ. ವಾಷರ್ ಅಂದರೆ ಅಂಗಿಯ ಗುಂಡಿಯಷ್ಟು ಚಿಕ್ಕ ಪ್ಲಾಸ್ಟಿಕ್ ಬಳೆ. ಹೊಸದೊಂದನ್ನು ತಂದು ಹಾಕಿದ ಮೇಲೆ ಸೋರಿಕೆ ನಿಂತಿತು.

ಆಮೇಲೆ ಅವರು ಬಿಯರ್ ಬರುವ ಪೈಪನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಒಳಗೆ ಕಂದು ಲೋಳೆ. "ಇದರಾಗಿಂದ ನಿನಗ ಉಪಕಾರ ಮಾಡಿದವರಿಗೆ ಕುಡಸ್ತೀಯೇನು?" ಎಂದರು. ನನಗೆ ನಾಚಿಕೆಯಾಯಿತು. ಹಳೆಯ ಪೈಪು ಎಸೆದು ಉದ್ದನೆಯ ಹೊಸ ಪೈಪು ತಂದೆವು. ನಲ್ಲಿಯನ್ನು ಬಿಚ್ಚಿ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ನೆನೆಸಿ, ಅವರು ಬೇಡ ಬೇಡವೆಂದರೂ ನಾನೇ ಕೂತು ಉಜ್ಜಿದೆ. ಬೆನ್ನು ನೋಯಲಿಲ್ಲ.

ಆದರೂ ನೊರೆ ಹೋಗಲಿಲ್ಲ.

"ಒಂದರ ಹಿಂದ ಒಂದು ಮೂರು ಗ್ಲಾಸ್ ಹಿಡಿ" ಎಂದರು ಮಾವ. ಹಿಡಿದೆ. ಮೊದಲನೆಯದು ಪೂರ್ತಿ ನೊರೆ, ಎರಡನೆಯದು ಅರ್ಧ, ಮೂರನೆಯದು ಅಂಗಡಿಯಲ್ಲಿ ಕೊಡುವ ಹಾಗೆ ಚೊಕ್ಕವಾಗಿ ಬಂತು. ಅವರು ಪೀಪಾಯಿಯನ್ನು ಮುಟ್ಟಿದರು, ಕಂಬವನ್ನು ಅಂಗೈಯಲ್ಲಿ ಹಿಡಿದರು. ಮುಖ ಅರಳಿತು. ಅವರನ್ನು ಕೆಲಸದ ಜಾಗದಲ್ಲಿ ನಾನು ಎಂದೂ ನೋಡಿದವಳಲ್ಲ. ಡೇರಿಯಲ್ಲಿ ಹೀಗೇ ಇದ್ದಿರಬೇಕು ಅನ್ನಿಸಿತು.

"ಬುಡ ತಣ್ಣಗ ಅದ, ತಲಿ ಸುಡ್ತದ. ಕಂಬದಾಗ ನಿಂತ ಬಿಯರ್ ಕಾದು ನೊರಿ ಆಗ್ತದ. ಎರಡು ಗ್ಲಾಸ್ ಹೋಗೂದ್ರಾಗ ಕಂಬ ತಂಪಾಗ್ತದ, ಆವಾಗ ಸುದ್ದ ಬರ್ತದ. ಈ ಗ್ಯಾರೇಜ್ ಅಂದ್ರ ಒಲಿ. ಇದನ್ನ ಒಳಗ ತರ್ರಿ."

ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. "ಒಳಗ ಅಂದ್ರ... ಊಟದ ಮನ್ಯಾಗ ದೇವರ ಮೂಲಿ ಅದ ಅಲ್ಲ ಅಪ್ಪಾ" ಎಂದರು ನನ್ನ ಗಂಡ.

"ದೇವರನ್ನ ಎರಡು ದಿನ ನನ್ನ ರೂಮಿಗೆ ಕರಕೊಂಡು ಹೋಗ್ತೀನಿ" ಎಂದರು ಮಾವ.

ಹಾಗೇ ಮಾಡಿದರು. ಮರದ ಮಂಟಪವನ್ನು ತಾವೇ ಎತ್ತಿಕೊಂಡು ಹೋದರು. ಕೆಗರೇಟರ್ ಎಸಿ ಇದ್ದ ಊಟದ ಮನೆಗೆ ಬಂತು. ನನ್ನ ಗಂಡ ಹಳೆಯ ಕಂಪ್ಯೂಟರಿನಿಂದ ಒಂದು ಪುಟ್ಟ ಫ್ಯಾನು ಬಿಚ್ಚಿ ತಂದರು. ಫ್ರಿಜ್ಜಿನ ಒಳಗಿನ ತಂಪು ಗಾಳಿಯನ್ನು ಒಂದು ಕೊಳವೆಯಲ್ಲಿ ಕಂಬದ ತುದಿಯವರೆಗೆ ಊದುವಂತೆ ಅಪ್ಪ ಮಗ ಸೇರಿ ಅದನ್ನು ಜೋಡಿಸಿದರು. ಮರುದಿನ ಬೆಳಿಗ್ಗೆ ಕಂಬ ಮುಟ್ಟಿದರೆ ತಣ್ಣಗಿತ್ತು. ಮೊದಲನೇ ಗ್ಲಾಸೇ ಹೊಂಬಣ್ಣಕ್ಕೆ ಬಂತು, ಮೇಲೆ ಎರಡು ಬೆರಳಷ್ಟು ನೊರೆ. ನಾನು ಅಲ್ಲೇ ಚಪ್ಪಾಳೆ ತಟ್ಟಿದೆ. ಮಾವ ವಾಸನೆ ನೋಡಿ ಮೂಗು ಮುರಿದು ಉಪ್ಪಿಟ್ಟಿಗೆ ರವೆ ಹುರಿಯಲು ಹೋದರು.

ಶನಿವಾರ ಮಧ್ಯಾಹ್ನ ಆರೂ ಜನ ಬಂದರು, ಕೆಲವರ ಮನೆಯವರೂ ಬಂದರು. ಬಿಸಿಬೇಳೆಭಾತು, ಬಜ್ಜಿ, ಮಾವನವರು ಮಾಡಿದ ಬದನೆಕಾಯಿ ಎಣಗಾಯಿ. ಬಿಯರ್ ಹಾಕಲು ನನ್ನ ಗಂಡ ಎದ್ದರೆ ಮಾವ ಅವರನ್ನು ಕೂರಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ತಾವೇ ನಲ್ಲಿಯ ಮುಂದೆ ನಿಂತರು. ಜೀವನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ ಗ್ಲಾಸನ್ನು ಓರೆಯಾಗಿ ಹಿಡಿದು, ನಿಧಾನವಾಗಿ ನೆಟ್ಟಗೆ ಮಾಡುತ್ತಾ ತುಂಬಿಸಿ ಒಬ್ಬೊಬ್ಬರ ಕೈಗೂ ಕೊಟ್ಟರು. ನಮ್ಮ ಟೀಮಿನ ಹಿರಿಯಳು, ಟೆಕ್ಸಸ್‌ನಲ್ಲೇ ಹುಟ್ಟಿ ಬೆಳೆದವಳು, ತಾವೇಕೆ ನಿಂತಿದ್ದೀರಿ, ಕೂತುಕೊಳ್ಳಿ ಎಂದು ಅವರ ತೋಳು ಹಿಡಿದಳು.

ಮಾವ ನನ್ನ ಕಡೆ ತಿರುಗಿದರು. "ಆಕಿಗೆ ಹೇಳು. ನಮ್ಮ ಸೊಸಿ ಮಲಗಿದಾಗ ನೀವು ಆಕಿ ಕೆಲಸ ಮಾಡೀರಿ. ಇವತ್ತೊಂದು ದಿನ ನಾ ನಿಮ್ಮ ಕೆಲಸ ಮಾಡ್ತೀನಿ ಅಂತ ಹೇಳು."

ನಾನು ಕಣ್ಣೊರೆಸಿಕೊಳ್ಳುತ್ತಾ ಪಕ್ಕಕ್ಕೆ ತಿರುಗಿದೆ. ನನ್ನ ಗಂಡ ಹೇಳಿದರು. ಅವಳು ಗ್ಲಾಸು ಕೆಳಗಿಟ್ಟು ಮಾವನವರನ್ನು ತಬ್ಬಿಕೊಂಡಳು. ಅವರು ಕೈ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತರು, ಆಮೇಲೆ ಅವಳ ಬೆನ್ನು ಎರಡು ಸಲ ತಟ್ಟಿದರು.

ಆ ವರ್ಷ ನವೆಂಬರ್, ಡಿಸೆಂಬರ್‌ನ ರಜೆಯ ವಾರಗಳ ಪಾಳಿಯನ್ನೆಲ್ಲ ನಾನೇ ತೆಗೆದುಕೊಂಡೆ. ಅದು ಆಮೇಲಿನ ಮಾತು. ಪಾರ್ಟಿ ಮುಗಿದು ಎಲ್ಲರೂ ಹೊರಟಾಗ ಟೀಮಿನ ಒಬ್ಬ ಮಾವನವರ ಹತ್ತಿರ ಬಂದು, ತನ್ನ ಮನೆಯ ಕೆಗರೇಟರ್ ಕೂಡ ಎರಡು ವರ್ಷದಿಂದ ಬರೀ ನೊರೆ ಕೊಡುತ್ತಿದೆ, ಒಮ್ಮೆ ಬಂದು ನೋಡುವಿರಾ ಎಂದು ಕೇಳಿದ. ಮಾವ ಬರುವುದಾಗಿ ತಲೆಯಾಡಿಸಿದರು. ಮುಂದಿನ ಶನಿವಾರ ನಾನು ಅವರನ್ನು ಕರೆದುಕೊಂಡು ಹೋದೆ. ಆಪರೇಷನ್ ಆದ ಮೇಲೆ ಫ್ರೀವೇಯಲ್ಲಿ ನಾನು ಕಾರು ಓಡಿಸಿದ್ದು ಅದೇ ಮೊದಲು.

ದಾರಿಯಲ್ಲಿ, "ಮಾವ, ನಿಮಗೆ ನಾನು ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ" ಎಂದೆ.

"ರೋಡ್ ನೋಡಿ ಹೊಡಿ" ಎಂದರು. ತೊಡೆಯ ಮೇಲೆ ಸ್ಪ್ಯಾನರ್ ಇಟ್ಟುಕೊಂಡಿದ್ದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದರು.